ಕೊರ್ರ ತಿಂದ ಆಪರೇಟಿಂಗ್ ಸಿಸ್ಟಮ್

ಮೇನ್‌ಫ್ರೇಮ್ ಕಂಪ್ಯೂಟರ್ ಬಗ್ಗೆ ಹಿಂದೂಪುರದಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಇದು ಜಂಬವಲ್ಲ, ಕೇಳುವವರು ಯಾರೂ ಸಿಗದೆ ಆ ತಿಳಿವಳಿಕೆ ಪೂರ್ತಿ ನನ್ನಲ್ಲೇ ಉಳಿದುಬಿಟ್ಟಿದೆ. ಕಾರ್ಖಾನೆಯೊಂದರ ಕಂಪ್ಯೂಟರ್ ಕೋಣೆಯಲ್ಲಿ ದುಡಿದು ನಿವೃತ್ತನಾದವನು ನಾನು. ಮನೆಯಲ್ಲಿ ಆ ಮಾತು ಎತ್ತಿದರೆ ಸಾಕು, ಹೆಂಡತಿ ಗಿರಿಜಾ ಮಿಕ್ಸಿ ಹಾಕುತ್ತಾಳೆ. ಒಂದೇ ಒಂದು ಸಲ ಯಾರಾದರೂ ಕೂತು ಪೂರ್ತಿ ಕೇಳಲಿ ಎಂಬುದು ನನ್ನ ಬಹುಕಾಲದ ಆಸೆ.

ಹಾಗಿರುವಾಗ ಗಿರಿಜಾಳ ತಮ್ಮ ಬಸಣ್ಣ ಕಲ್ಯಾಣದುರ್ಗದಿಂದ ಫೋನ್ ಮಾಡಿದ. ಅಂಗಡಿ ಇಟ್ಟಿದ್ದಾನೆ, ಅಲ್ಲಿನ ಸಂಘಕ್ಕೆ ಕಾರ್ಯದರ್ಶಿ.

“ಭಾವ, ಭಾನ್ವಾರ ನಮ್ಮ ಸಂಘದಾಗೆ ನೀವೊಂದು ಭಾಷಣ ಮಾಡ್ಬೇಕು. ವಿಷ್ಯ ಏನಂತ ಬರ್ಕೊಳ್ಳಿ?”

“ಕೋರ್ ಮೆಮೊರಿ!”

“ಭಲೇ! ನಮ್ಮ ಜನಕ್ಕೆ ಬೇಕಾಗಿರೋದೇ ಅದು!”

ನನಗೆ ಕಣ್ಣು ತುಂಬಿ ಬಂತು.

ಕೋರ್ ಎಂದರೆ ಹಳೆಯ ಕಂಪ್ಯೂಟರಿನ ನೆನಪು: ಸಾಸಿವೆಯಷ್ಟು ಸಣ್ಣ ಕಬ್ಬಿಣದ ಬಳೆಗಳನ್ನು ತಂತಿಗೆ ಪೋಣಿಸಿದ್ದು. ಬಸಣ್ಣನ ಕಿವಿಗೆ ಬಿದ್ದದ್ದು ‘ಕೊರ್ರ’, ಅಂದರೆ ತೆಲುಗಿನಲ್ಲಿ ನವಣೆ! ‘ಕೊರ್ರಲು ತಿನಂಡಿ, ಮೆಮೊರಿ ಪೆಂಚಂಡಿ’, ನವಣೆ ತಿಂದು ನೆನಪು ಹೆಚ್ಚಿಸಿಕೊಳ್ಳಿ ಎಂದು ಬ್ಯಾನರ್ ಮಾಡಿಸಿ ವೇದಿಕೆಗೆ ಕಟ್ಟಿಸಿದ್ದ. ಇದನ್ನು ನಿಮಗೆ ಮೊದಲೇ ಹೇಳಿಬಿಟ್ಟೆ. ನನಗೆ ಯಾರೂ ಹೇಳಲಿಲ್ಲ. ಹಿಂಬಾಗಿಲಿನಿಂದ ವೇದಿಕೆ ಹತ್ತಿಸಿದ್ದರಿಂದ ಬ್ಯಾನರ್ ನನ್ನ ಬೆನ್ನಿಗಿತ್ತು.

ಸಭೆ ತುಂಬಿತ್ತು. ಕುಂದುರ್ಪಿಯಿಂದಲೂ ಬಸ್ಸು ಹತ್ತಿ ಬಂದಿದ್ದರು!

“ಆ ಕಾಲದಲ್ಲಿ ಕೋರ್ ಬಹಳ ಅಪರೂಪ,” ಎಂದು ಶುರುಮಾಡಿದೆ.

“ಈಗ್ಲೂ ಅಷ್ಟೇ ಬಿಡಿ ಸಾರ್,” ಎಂದರು ಮುಂದಿನ ಸಾಲಿನ ರೈತರೊಬ್ಬರು. “ಎಲ್ರೂ ಕಡ್ಲೇಕಾಯೇ ಹಾಕ್ತಾರೆ.”

ಅರ್ಥವಾಗಲಿಲ್ಲ. ಆದರೂ ಒಬ್ಬರು ಕೇಳಿಸಿಕೊಂಡರಲ್ಲ! ಹುರುಪು ಏರಿತು.

“ಇದ್ದ ಕೋರಿನಲ್ಲೂ ಅರ್ಧ ಆಪರೇಟಿಂಗ್ ಸಿಸ್ಟಮ್ಮೇ ತಿಂದುಬಿಡುತ್ತಿತ್ತು!”

“ಅಯ್ಯೋ! ಅದ್ಯಾವ ಹುಳ ಸಾರ್? ಏನು ಮದ್ದು ಹೊಡೀಬೇಕು?”

“ಹುಳ ಅಲ್ಲ, ಅದು ಯಂತ್ರದ ಯಜಮಾನ. ಎಲ್ಲರಿಗಿಂತ ಮೊದಲು ಜಾಗ ಹಿಡಿದು ಕೂತು, ಯಾರು ಯಾವ ಕೆಲಸ ಮಾಡಬೇಕೆಂದು ಹೇಳುತ್ತದೆ. ತಾನು ಮಾತ್ರ ಏನೂ ಉತ್ಪಾದಿಸುವುದಿಲ್ಲ.”

ಹೆಂಗಸರ ಕಡೆ ನಗು ಎದ್ದಿತು. ನನ್ನ ಜೊತೆ ಬಂದಿದ್ದ ಗಿರಿಜಾ ನನ್ನತ್ತ ಬೊಟ್ಟು ಮಾಡಿ ಪಕ್ಕದವರಿಗೆ ಏನೋ ಹೇಳುತ್ತಿದ್ದಳು.

“ಕೋರಿನ ತೊಂದರೆ ಒಂದೇ,” ಎಂದು ಮುಂದುವರಿಸಿದೆ. “ಒಮ್ಮೆ ಓದಿದರೆ ಸಾಕು, ಇದ್ದದ್ದೆಲ್ಲ ಅಳಿಸಿಹೋಗುತ್ತದೆ!”

ತಾಯಿಯೊಬ್ಬರು ಎದ್ದು ನಿಂತರು. “ನಮ್ಮ ಹುಡ್ಗೀದೂ ಅದೇ ಗೋಳು ಸಾರ್! ಓದಿದ್ದೆಲ್ಲಾ ಮರ್ತೋಗ್ತದೆ. ದಿನಕ್ಕೆ ಎಷ್ಟು ತಿನ್ನಿಸ್ಲಿ?”

“ತಿನ್ನಿಸಬೇಡಿ! ಅದು ಕಬ್ಬಿಣ!” ಎಂದೆ ಗಾಬರಿಯಿಂದ.

“ಕಬ್ಬಿಣದ ಅಂಶ ಐತಂತೆ, ಬರ್ಕೊಳ್ಳೇ,” ಎಂದರು ಆಕೆ ಮಗಳಿಗೆ.

ಆಗ ತಿರುಗಿ ಬ್ಯಾನರ್ ಓದಿದೆ. ಓದಿದ ತಕ್ಷಣ ನನ್ನ ತಲೆಯಲ್ಲಿದ್ದದ್ದೂ ಅಳಿಸಿಹೋಯಿತು! ನೀರು ಬೇಕೆಂದು ಸನ್ನೆ ಮಾಡಿದೆ. ನೀರು ತಂದ ಗಿರಿಜಾ ನನ್ನ ಅವಸ್ಥೆ ನೋಡಿ ಮೈಕನ್ನೇ ಕಿತ್ತುಕೊಂಡಳು.

“ಅವ್ರ ಮಾತು ಬುಟ್ಟಾಕಿ. ನವಣೆ ಚೆನ್ನಾಗಿ ನೆನೆಸ್ಬೇಕು ಕಣಮ್ಮ...”

ನೆನಪಿನ ಭಾಷಣ ನೆನೆಸುವ ಭಾಷಣವಾಯಿತು. ಒಂದು ಗಂಟೆ ಒಬ್ಬರೂ ಮಿಸುಕಲಿಲ್ಲ. ನನಗೆಂದು ತಂದಿದ್ದ ಶಾಲನ್ನೂ ಅವಳಿಗೇ ಹೊದಿಸಿದರು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ!

ಮರಳುವಾಗ ಬಸ್ಸಿನಲ್ಲಿ ಅವಳೆಂದಳು: “ಬರೋ ತಿಂಗ್ಳು ಕುಂದುರ್ಪಿಗೆ ಕರ್ದವ್ರೆ ಕಣ್ರೀ. ನೀವೂ ಬರ್ಬೇಕಂತೆ.”

“ನಿಜವಾಗ್ಲೂ? ನಾನೂ ಮಾತಾಡಬೇಕಂತಾ?”

“ಹತ್ತು ಕೆಜಿ ನವಣೆ ತಗೊಂಡೋಗ್ಬೇಕು. ಚೀಲ ಹೊರೋಕೆ ಒಬ್ರು ಬೇಡ್ವಾ?”

ತಕ್ಷಣ ಒಪ್ಪಿಕೊಂಡೆ. ಚೀಲದ ಪಕ್ಕ ಕೂತವರು ಯಾರಾದರೂ ನವಣೆಯ ಮಾತು ಕೇಳಿ ಕೇಳಿ ಬೇಸತ್ತು, ನನ್ನ ಕಡೆ ತಿರುಗಿದರೂ ತಿರುಗಬಹುದು!