ಕಾಕಾನ ಫ್ರೀಜರಿನ ಮೂರು ಡಬ್ಬಿ

ನಮ್ಮ ಕಾಕಾ ಹೈದರಾಬಾದಿನಲ್ಲಿ ಇಪ್ಪತ್ತು ವರ್ಷ ಇಲಿಗಳ ಋಣದಲ್ಲಿ ಉಂಡವರು. ಹೀಗೆಂದರೆ ಅವರಿಗೇನೂ ಬೇಸರವಿರಲಿಲ್ಲ. ಇಲಿಯ ಬಗ್ಗೆ ಹಗುರವಾಗಿ ಮಾತಾಡಿದರೆ ಮಾತ್ರ ಎದ್ದು ಹೋಗುತ್ತಿದ್ದರು!

ಆಗ ಆ ಊರಲ್ಲಿ ಯಾರನ್ನು ಕೇಳಿದರೂ ಸಾಫ್ಟ್‌ವೇರ್. ನಾನೂ ಅದೇ ಗಾಳಿಯಲ್ಲಿ ತೂರಿಬಂದು ಮಾಧಾಪುರದ ಒಂದು ಆಫೀಸು ಸೇರಿ, ಕಾಚಿಗೂಡದ ಕಾಕಾನ ಮನೆಯಲ್ಲಿ ಬಿಡಾರ ಹೂಡಿದ್ದೆ. ಕಾಕಾನ ಹೆಂಡತಿ, ನಮ್ಮ ಚಿಗವ್ವ, ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ಮಕ್ಕಳಿಲ್ಲ. ಕಾಕಾ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಪಟಾನ್‌ಚೆರುವಿಗೆ ಹೋಗುತ್ತಿದ್ದರು. ಅಲ್ಲೊಂದು ಸಣ್ಣ ಕಂಪನಿಯಲ್ಲಿ ಇಲಿಯ ಜೀವಕೋಶಗಳಿಂದ ಪ್ರತಿಕಾಯ, ಅಂದರೆ ಆಂಟಿಬಾಡಿ, ತಯಾರಿಸಿ, ಹೆಪ್ಪುಗಟ್ಟಿಸಿ, ನೀರಿನಂಶವನ್ನೆಲ್ಲ ಹೀರಿ ಒಣಗಿಸಿ, ಪ್ರಯೋಗಾಲಯಗಳಿಗೆ ಕಳಿಸುವುದು ಅವರ ಕೆಲಸ. ಇದನ್ನು ಓಣಿಯವರಿಗೆ ಹೇಗೆ ತಿಳಿಸುವುದು? "ಚೂಹೇ ಕಾ ಕಾಮ್", ಇಲಿ ಕೆಲಸ, ಎಂದುಬಿಟ್ಟಿದ್ದರು. ಕೆಳಗಿನ ಮನೆಯ ಖಾಲಾ ಮರುದಿನವೇ ಮೆಟ್ಟಿಲು ಹತ್ತಿ ಬಂದರು.

"ಭಾಯ್‌ಸಾಬ್, ಹಮಾರೇ ಘರ್ ಮೇ ಭೀ ಬಹುತ್ ಚೂಹೇ ಹೋ ಗಯೇ. ಜರಾ ಆಕೇ ಪಕಡೋ ನಾ!"

ಇಲಿ ಹಿಡಿಯುವವನೆಂಬ ಬಿರುದು ಹೀಗೆ ಬಂದದ್ದು ಕೊನೆಯವರೆಗೂ ಹೋಗಲಿಲ್ಲ.

ಒಂದು ಸಂಜೆ ಹೆಬ್ಬೆರಳಿನಷ್ಟು ಗಾಜಿನ ಸೀಸೆಯೊಂದನ್ನು ನನ್ನ ಮುಂದೆ ಹಿಡಿದರು. ಅವಧಿ ಮುಗಿದದ್ದು, ತೋರಿಸಲೆಂದು ಕೇಳಿ ತಂದಿದ್ದರು.

"ಕಾಕಾ, ಖಾಲಿ ಸೀಸಿ ಯಾಕ ತೋರಸ್ತೀರಿ?" ಎಂದೆ.

"ಖಾಲಿ ಅಲ್ಲ ಮಗಳ, ತಳ ನೋಡು."

ತಳದಲ್ಲಿ ಹಾಲು ಕುಡಿದಿಟ್ಟ ಲೋಟದಲ್ಲಿ ಉಳಿಯುವಂಥ ಬಿಳಿ ಪೊರೆ. ಅಷ್ಟಕ್ಕೆ ಇಷ್ಟು ಬಡಿವಾರವೇ!

"ಸಾವಿರ ಪದಾರ್ಥ ಕಲಸಿ ಇಟ್ರೂ ಇದು ತನಗ ಬೇಕಾದ್ದು ಒಂದನ್ನs ಗುರುತು ಹಿಡೀತೈತಿ. ಒಂದs ಜೀವಕೋಶದ ಸಂತಾನ, ಎಲ್ಲಾಕ್ಕೂ ಒಂದs ಗುರುತು. ಈಗ ಮಲಗೇತಿ. ನೀರು ಹಾಕಿದ್ರ ಏಳ್ತೈತಿ. ಆದ್ರ ಅಲುಗಾಡಿಸಬಾರದು. ನೊರಿ ಬಂತಂದ್ರ ಕೆಡ್ತೈತಿ!"

ನಾನು ಎಂಥ ಅಣ್ಣನ ಮಗಳೋ, ತಿಂಗಳೊಳಗೆ ಅದೇ ಸೀಸೆಯನ್ನು ತಿಕ್ಕಿ ತೊಳೆದು ಕುಂಕುಮ ತುಂಬಿಟ್ಟೆ. ಕಾಕಾ ಮೂರು ದಿನ ನನ್ನೊಡನೆ ಮಾತಾಡಲಿಲ್ಲ.

ಕಂಪನಿಯ ನಿಯಮಗಳೆಲ್ಲ ಮನೆಯೊಳಗೂ ಬಂದಿದ್ದವು. ಮಜ್ಜಿಗೆ ಕಡೆಯುವಂತಿಲ್ಲ, ನೊರೆ ಬರುತ್ತದೆ! ಕಡೆಯದೆ ಮಜ್ಜಿಗೆ ಮಾಡುವುದು ಹೇಗೆಂದು ಕೇಳಿದರೆ, ಪಾತ್ರೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ತೊಟ್ಟಿಲಿನ ಹಾಗೆ ತೂಗಿ ತೋರಿಸುತ್ತಿದ್ದರು. ಭಾನುವಾರ ಮಾಡಿದ ಸಾರು ಪುಟ್ಟ ಪುಟ್ಟ ಡಬ್ಬಿಗಳಲ್ಲಿ ಫ್ರೀಜರ್ ಸೇರುತ್ತಿತ್ತು. ಒಂದು ಹೊತ್ತಿಗೆ ಒಂದೇ ಡಬ್ಬಿ. ಒಮ್ಮೆ ಕರಗಿದ್ದನ್ನು ತಿರುಗಿ ಒಳಗಿಡುವಂತಿಲ್ಲ, ಇದು ಅವರ ಮನೆಯ ಸಂವಿಧಾನ. ಪ್ರತಿ ಡಬ್ಬಿಗೂ ಚೀಟಿ: ತಾರೀಕು, ಕ್ರಮಸಂಖ್ಯೆ. ನಾನು ಮೊದಲ ಸಲ ಉಪ್ಪಿಟ್ಟು ಮಾಡಿದ ದಿನ ಒಂದು ತುತ್ತು ತಿಂದು, ಎದ್ದು ಹೋಗಿ, ಕಂಪನಿಯ ಚೀಟಿಯೊಂದನ್ನು ತಂದು ಪಾತ್ರೆಗೆ ಅಂಟಿಸಿದರು. 'ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ' ಎಂದಿತ್ತು!

ಆದರೆ ಫ್ರೀಜರಿನ ಎಡಮೂಲೆಯ ಮೂರು ಡಬ್ಬಿಗಳ ಸುದ್ದಿಗೆ ಯಾರೂ ಹೋಗುವಂತಿರಲಿಲ್ಲ. ಚೀಟಿಯ ಮಸಿ ಮಂಜಿನಲ್ಲಿ ಅಳಿಸಿಹೋಗಿತ್ತು. ಬೇಸಿಗೆಯಲ್ಲಿ ಕರೆಂಟು ಹೋದರೆ ಸಾಕು, ಕಾಕಾ ಬನಿಯನ್ನಿನ ಮೇಲೇ ಸ್ಟೇಷನ್ ಹತ್ತಿರದ ಐಸಿನ ಅಂಗಡಿಗೆ ಓಡಿ, ಗೋಣಿತಟ್ಟಿನಲ್ಲಿ ಐಸು ಸುತ್ತಿ ತಂದು ಆ ಮೂಲೆಗೆ ಒತ್ತಿ ಇಡುತ್ತಿದ್ದರು. ಕಂಪನಿಯ ಮಾಲು ಇರಬೇಕೆಂದು ನಾನು ತಿಳಿದಿದ್ದೆ. ಇಲಿಗಳಿಗೆ ಇಷ್ಟೊಂದು ನಿಷ್ಠಾವಂತ ನೌಕರ ಬೇರೆ ಯಾರು ಸಿಕ್ಕಾರು ಎಂದು ಆಫೀಸಿನಲ್ಲಿ ಹೇಳಿ ನಗಿಸುತ್ತಿದ್ದೆ.

ಒಂದು ಏಪ್ರಿಲ್ ಭಾನುವಾರ ಕಾಕಾನಿಗೆ ಡ್ಯೂಟಿ ಇತ್ತು. ನನಗೆ ಎಂದಿಲ್ಲದ ಗೃಹಿಣಿತನ ಉಕ್ಕಿತು. ಫ್ರೀಜರಿನಲ್ಲಿ ಗೇಣುದ್ದ ಮಂಜು ಕಟ್ಟಿದೆಯಲ್ಲ, ಕಾಕಾ ಬರುವಷ್ಟರಲ್ಲಿ ತೊಳೆದು ಫಳಫಳ ಹೊಳೆಯುವಂತೆ ಮಾಡೋಣವೆಂದು ಸ್ವಿಚ್ಚು ಆರಿಸಿದೆ. ಮೂರು ಡಬ್ಬಿಗಳನ್ನು ಭಾಳ ಜಾಗರೂಕತೆಯಿಂದ, ಒಂದಿಷ್ಟೂ ಅಲುಗಾಡಿಸದೆ, ಕಟ್ಟೆಯ ಮೇಲಿಟ್ಟೆ. ಅಲುಗಾಡಿಸಬಾರದು ಎಂಬುದೊಂದು ನೆನಪಿತ್ತು ನೋಡಿ! ಆಮೇಲೆ ಒರಗಿದವಳಿಗೆ ನಿದ್ದೆ ಹತ್ತಿತು.

ಎದ್ದಾಗ ಕಾಕಾ ಅಡುಗೆಮನೆಯಲ್ಲಿ ನಿಂತಿದ್ದರು. ಹೆಗಲಿನ ಚೀಲವನ್ನೂ ಇಳಿಸಿರಲಿಲ್ಲ. ಡಬ್ಬಿಗಳ ಸುತ್ತ ನೀರು ನಿಂತಿತ್ತು.

"ಕಾಕಾ, ತಪ್ಪಾತ್ರಿ. ಕಂಪನಿ ಮಾಲು ಹಾಳಾತೇನ್ರಿ? ನಾನs ಬಂದು ನಿಮ್ಮ ಸಾಹೇಬರಿಗೆ ಹೇಳ್ತೀನಿ."

"ಕಂಪನೀದಲ್ಲ," ಎಂದರು. "ನಿಮ್ಮ ಚಿಗವ್ವಂದು."

ಮುಚ್ಚಳ ತೆಗೆದರು. ಮಾವಿನ ಸೀಕರಣಿ. ಚಿಗವ್ವ ಕೊನೆಯ ಬೇಸಿಗೆಯಲ್ಲಿ, ನಿಲ್ಲಲಾಗದೆ ಮಣೆಯ ಮೇಲೆ ಕೂತು ಹಣ್ಣು ಹಿಂಡಿ ಮಾಡಿದ್ದಂತೆ. ಉಳಿದದ್ದನ್ನು ಕಾಕಾ ತಮ್ಮ ರೂಢಿಯಂತೆ ಮೂರು ಡಬ್ಬಿಗೆ ಹಾಕಿಟ್ಟಿದ್ದರು. ಆ ವಾರವೇ ಅವಳನ್ನು ಆಸ್ಪತ್ರೆಗೆ ಸೇರಿಸಿದ್ದು. ಅವಳು ತಿರುಗಿ ಬರಲಿಲ್ಲ.

ನನಗೆ ಅಳು ಒತ್ತಿ ಬಂತು. "ಇನ್ನೂ ತಣ್ಣಗ ಐತ್ರಿ. ಮತ್ತ ಒಳಗ ಇಟ್ಟುಬಿಡೋಣ್ರಿ ಕಾಕಾ."

"ಕರಗಿದ್ದನ್ನ ತಿರುಗಿ ಇಡಂಗಿಲ್ಲ ಮಗಳ. ಹೋಗು, ಖಾಲಾನ್ನ ಕರಿ. ಪ್ರತಿ ವರ್ಷ ನಿಮ್ಮ ಚಿಗವ್ವ ಅವರಿಗೆ ಒಂದು ಬಟ್ಟಲಾ ಕಳಸ್ತಿದ್ದಳು."

ಖಾಲಾ ಬಂದು ಕೂತರು. ಯಾರೂ ಅವರಿಗೆ ಏನೂ ಹೇಳಲಿಲ್ಲ. ಈ ಸೀಸನ್ನಿನ ಮೊದಲ ಹಣ್ಣೆಂದು ತಿಳಿದು ನಗುತ್ತಲೇ ಒಂದು ಚಮಚ ಬಾಯಿಗಿಟ್ಟರು. ಫ್ರೀಜರಿನ ವಾಸನೆ ಇತ್ತು, ಬಣ್ಣ ಕಂದಿತ್ತು. ಆದರೂ ಎಲ್ಲದರ ಅಡಿಯಲ್ಲಿ ಒಂದು ಚಿಟಿಕೆ ಒಣಶುಂಠಿ ಇತ್ತು. ಖಾಲಾನ ಚಮಚ ಅರ್ಧದಲ್ಲಿ ನಿಂತಿತು.

"ಭಾಯ್‌ಸಾಬ್... ಯೇ ತೋ ಭಾಭೀ ಕೇ ಹಾತ್ ಕಾ ಹೈ."

ಕಾಕಾ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು, ಮುಖದಲ್ಲಿ ಮಾತ್ರ ಪ್ರಯೋಗ ಗೆದ್ದವರ ಸಂತೋಷ. "ನೋಡಿದೇನು ಮಗಳ? ಆಕಿ ಕೈ ಗುರುತು ಹಿಡದ್ರು!"

ನಾವು ಮೂವರೂ ಅಳುತ್ತ, ನಗುತ್ತ, ಬಟ್ಟಲು ಬೆರಳಿನಿಂದ ಬಳಿದು ತಿಂದೆವು.

ಖಾಲಾ ಹೋದ ಮೇಲೆ ಡಬ್ಬಿಗಳನ್ನು ತೊಳೆಯಲು ನಲ್ಲಿ ತಿರುಗಿಸಿದೆ. ಕಾಕಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನಾನೇ ತಳ ನೋಡಿದೆ. ತೆಳ್ಳಗೆ ಹಳದಿಯ ಒಂದು ಪೊರೆ ಉಳಿದಿತ್ತು. ನಲ್ಲಿ ನಿಲ್ಲಿಸಿ, ಮುಚ್ಚಳ ಹಾಕಿ, ಮೂರನ್ನೂ ಎಡಮೂಲೆಯಲ್ಲಿ ಇದ್ದ ಹಾಗೇ ಇಟ್ಟೆ.

ತಿರುಗಿ ಇಡುವಂತಿಲ್ಲ ಎಂದು ಕಾಕಾ ಹೇಳಲಿಲ್ಲ. ಮುಂದೆ ಬಂದು ಫ್ರೀಜರಿನ ಬಾಗಿಲನ್ನು ಮೆಲ್ಲಗೆ, ಒಳಗಿನ ಏನೂ ಅಲುಗಾಡದ ಹಾಗೆ, ಮುಚ್ಚಿದರು.