ಮೋಜಣಿ ಸಾಹೇಬನ ಹಸಿವು

ಹೊಲ ಅಳೆಯುವ ಮೋಜಣಿ ನೌಕರಿಯಲ್ಲಿ ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಜಗಳವಾಡುವ ಅಣ್ಣತಮ್ಮಂದಿರು, ಅವರ ಹೊಲಗಳ ನಡುವೆ ಗಡಿಯ ಒಂದು ಬಾಂದು, ಇಷ್ಟಿದ್ದರೆ ಅವು ತಾವಾಗಿ ನಡೆದು ಬರುತ್ತವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕುಗಳಲ್ಲಿ ನಾನು ಮೋಜಣಿ ಮಾಡಿದ್ದೇನೆ. ನನ್ನ ನಿಯಮ ಒಂದೇ: ಅರ್ಜಿದಾರನ ಮನೆಯ ನೀರನ್ನೂ ಮುಟ್ಟುವುದಿಲ್ಲ. ಓದಿದ್ದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ. ಅಲ್ಲಿ ಊಟದ ಗಂಟೆ ಹೊಡೆಯುವ ಮೊದಲು ಡಬ್ಬಿ ತೆರೆದವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಹೊಲದಲ್ಲಿ ಗಂಟೆ ಹೊಡೆಯುವವರಿಲ್ಲ. ಆದ್ದರಿಂದ ನಾನು ಡಬ್ಬಿಯನ್ನೇ ಬಿಟ್ಟೆ.

ಪರಿಣಾಮ ಹೀಗಾಯಿತು. ದಿನವಿಡೀ ಬಿಸಿಲು, ಬೈಗುಳ, ಖಾಲಿ ಹೊಟ್ಟೆ. ಸಂಜೆಗೆ ಹೊಲದ ಜಗಳ ಮುಗಿದಿದ್ದರೂ ನನ್ನ ತಲೆಯಲ್ಲಿ ಅದು ಮುಗಿಯುತ್ತಿರಲಿಲ್ಲ. ಆಗ ಕೈಗೆ ಸಿಕ್ಕದ್ದನ್ನು ತಿನ್ನುವುದು, ತಿಂದಾದ ಮೇಲೆ ಕಳ್ಳತನ ಮಾಡಿದವನ ಹಾಗೆ ತಲೆ ತಗ್ಗಿಸುವುದು. ಇದು ಹೀಗೇ ನಡೆದರೆ ಅಂಗಿಯ ಗುಂಡಿಯ ಜೊತೆಗೆ ಮರ್ಯಾದೆಯೂ ಕಿತ್ತುಹೋಗುತ್ತದೆ ಎಂಬ ಭಯ ನನ್ನನ್ನು ಹಿಡಿದಿತ್ತು.

ಲಾರಿಯ ಹಿಂದೆ

ಇಂಡಿ ಕಡೆಯ ಒಂದು ಹೊಲದಲ್ಲಿ ಒಬ್ಬಾತ ಎಲ್ಲರ ಎದುರು, "ಸಾಹೇಬಗ ಆ ಕಡೆಯವರು ರೊಕ್ಕಾ ಮುಟ್ಟಿಸ್ಯಾರ" ಅಂದ. ಕೆಲಸ ಮುಗಿಸಿ ನೆಟ್ಟಗೆ ಝಳಕಿಯ ಹೆದ್ದಾರಿಗೆ ಬಂದು ಭಜಿ ಗಾಡಿಯ ಮುಂದೆ ಬೈಕ್ ನಿಲ್ಲಿಸಿದೆ.

"ಮಿರ್ಚಿ ಭಜಿ ಕಟ್ರಿ. ಮನಿಗೆ, ಮಕ್ಕಳಿಗೆ."

ಪೊಟ್ಟಣ ಹಿಡಿದುಕೊಂಡು, ಅಲ್ಲೇ ನಿಂತಿದ್ದ ಲಾರಿಯ ಹಿಂದೆ ಹೋಗಿ, ಒಂದನ್ನೂ ಉಳಿಸದೆ ತಿಂದೆ. ಆಮೇಲೆ ಇದು ರೂಢಿಯೇ ಆಯಿತು. ಮೋಜಣಿಯಲ್ಲಿ ಯಾರಾದರೂ ಬೈದರೆ ನನ್ನ ಮಕ್ಕಳಿಗೆ ಭಜಿ ಬೇಕಾಗುತ್ತಿತ್ತು.

ಒಂದು ಸಂಜೆ ಮಳೆ ಬಂದು ನಿಂತಿತ್ತು. ನಾನಿನ್ನೂ ಬಾಯಿ ತೆರೆದಿರಲಿಲ್ಲ, ಗಾಡಿಯ ಮುದುಕ ಬಾಣಲೆಯಿಂದ ತಲೆ ಎತ್ತದೆಯೇ ಹೇಳಿದ:

"ಸಾಹೇಬ್ರ, ಲಾರಿ ಹಿಂದ ಭಾಳ ರಾಡಿ ಆಗೇತ್ರಿ. ಮಕ್ಕಳನ್ನ ಇವತ್ತ ಇಲ್ಲೇ ಬೆಂಚಿನ ಮ್ಯಾಲ ಕುಂಡ್ರಸ್ರಿ."

ಕಟ್ಟುನಿಟ್ಟಿನ ಉಪವಾಸ

ತಪ್ಪಿಗೆ ಶಿಕ್ಷೆ ಆಗಲೇಬೇಕು. ಮರುದಿನ ಸಿಂದಗಿಯ ಕಚೇರಿಯಲ್ಲಿ, "ಇವತ್ತ ನಂದು ಉಪವಾಸ. ಚಹಾನೂ ಬ್ಯಾಡ" ಎಂದು ಸಾರಿದೆ. ಅಂದು ಏಕಾದಶಿ ಎಂಬುದು ನನಗೆ ತಿಳಿದಿರಲಿಲ್ಲ. ನಮ್ಮ ಕಡೆ ಊಟ ಒಲ್ಲೆ ಎಂದವನನ್ನು ಬಿಟ್ಟಾರು, ಉಪವಾಸವಿದ್ದವನನ್ನು ಮಾತ್ರ ಬಿಡುವುದಿಲ್ಲ.

"ಅಯ್ಯ, ಹಂಗ ಖಾಲಿ ಹೊಟ್ಟೀಲೆ ಯಾರರ ಉಪವಾಸ ಮಾಡ್ತಾರೇನ್ರಿ?" ಎನ್ನುತ್ತ ಕಚೇರಿಯ ಗುಮಾಸ್ತೆಯಮ್ಮ ತಮ್ಮ ಉಪವಾಸಕ್ಕೆಂದು ತಂದಿದ್ದ ಸಾಬೂದಾನಿ ಖಿಚಡಿಯ ಡಬ್ಬಿಯನ್ನು ನನ್ನ ಮುಂದೆ ಇಟ್ಟರು. ಅದರ ಬೆನ್ನಿಗೇ ಇನ್ನೊಂದು ಮೇಜಿನಿಂದ ಶೇಂಗಾ ಉಂಡಿ, ಮತ್ತೊಂದರಿಂದ ಬಾಳೆಹಣ್ಣು ಬಂದವು. ಒಂದು ಚಮಚ ತಿಂದು ಮರ್ಯಾದೆ ಉಳಿಸೋಣವೆಂದು ಕೈ ಹಾಕುವಷ್ಟರಲ್ಲಿ ಮೇಲಧಿಕಾರಿಯ ಫೋನ್. ಬಾಕಿ ಪ್ರಕರಣಗಳ ಬಗ್ಗೆ ಅವರು ಬೈಯುತ್ತ ಹೋದರು. ಒಂದು ಕೈ ಫೋನ್ ಹಿಡಿದಿತ್ತು; ಇನ್ನೊಂದು ಏನು ಮಾಡುತ್ತಿತ್ತೋ ನಾನು ಗಮನಿಸಲಿಲ್ಲ. ಫೋನ್ ಇಟ್ಟು ನೋಡಿದರೆ ಮೇಜಿನ ಮೇಲೆ ಬಾಳೆಹಣ್ಣಿನ ಸಿಪ್ಪೆ ಮಾತ್ರ ಉಳಿದಿತ್ತು.

ಗುಮಾಸ್ತೆಯಮ್ಮ ಖಾಲಿ ಡಬ್ಬಿಯ ಮುಚ್ಚಳ ಹಾಕುತ್ತ ಅಂದರು:

"ಇನ್ನೊಮ್ಮಿ ಉಪವಾಸ ಇರೂದಿದ್ರ ಹಿಂದಿನ ದಿನಾನ ಹೇಳ್ರಿ ಸರ್. ನಮ್ಮದು ಇವತ್ತ ಖರೇನ ಉಪವಾಸ ಆತು."

ಡಾಕ್ಟರ ಡ್ರಾವರು

ಕೊನೆಗೆ ಮುದ್ದೇಬಿಹಾಳದಲ್ಲಿ ಒಬ್ಬ ಡಾಕ್ಟರಮ್ಮನ ಬಳಿ ಹೋದೆ.

"ಮುಂಜಾನೆ ಏನ್ ತಿಂತೀರಿ?"

"ಏನೂ ಇಲ್ಲ."

"ಮಧ್ಯಾಹ್ನ?"

"ಏನೂ ಇಲ್ಲ." ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

"ಸಂಜಿಗೆ?"

ನಾನು ಗೋಡೆಯ ಕಡೆ ನೋಡುತ್ತ ಬೈಗುಳ, ಭಜಿ, ಲಾರಿ, ಉಪವಾಸ ಒಂದೊಂದಾಗಿ ಹೇಳಿದೆ. ಅವರಿಗೆ ಎಲ್ಲ ತಿಳಿಯಿತು. "ದಿನಾ ಪೂರ್ತಿ ಹೊಟ್ಟೀಗೆ ಶಿಕ್ಷೆ ಕೊಟ್ರ ಸಂಜಿಗೆ ಅದು ದಂಗೆ ಏಳ್ತೈತ್ರಿ. ಮೇಲೆ ತಲ್ಯಾಗ ಚಿಂತಿ ಬ್ಯಾರೆ. ಮಧ್ಯಾಹ್ನ ಕುಂತು ಉಣ್ರಿ. ತಿಂದದ್ದಕ್ಕ ನಾಚಬ್ಯಾಡ್ರಿ, ಮರುದಿನ ಉಪವಾಸಾನೂ ಬ್ಯಾಡ. ಸಿಟ್ಟು ಬಂದ್ರ ಮನ್ಯಾಗ ಹೆಂಡ್ತಿ ಮುಂದ ಹೇಳ್ರಿ, ಭಜಿ ಮುಂದ ಅಲ್ಲ." ಹೀಗೆ ಹೇಳುತ್ತಲೇ ಅವರ ಕೈ ಮೇಜಿನ ಡ್ರಾವರಿಗೆ ಹೋಗಿ, ಒಂದು ಹಿಡಿ ಅವಲಕ್ಕಿ ಚೂಡಾ ಹೊರಗೆ ಬಂತು.

ನಾನು ನಿಯಮದ ಮನುಷ್ಯ. ಕೇಳಿಯೇಬಿಟ್ಟೆ: "ಇದು ಹೆಂಗ್ರಿ ಮೇಡಂ?"

"ನಾ ನಿಮ್ಮ ಮುಂದನ ತಿನ್ನಾಕತ್ತೇನಿ. ಕದ್ದು ತಿಂದ್ರ ಹೊಟ್ಟಿ ತುಂಬೂದಿಲ್ರಿ. ಲಕ್ಷ್ಯ ಎಲ್ಲಾ ಬಾಗಲದ ಕಡೆ ಇರ್ತೈತಿ" ಎಂದವರು ಇನ್ನೊಂದು ಹಿಡಿ ತೆಗೆಯುತ್ತ, "ಹೋಗೂವಾಗ ಆ ಬಾಗಲಾ ಮುಚ್ಚಿ ಹೋಗ್ರಿ. ನರ್ಸ್ ನೋಡಿದ್ರ ಪಾಲು ಕೇಳ್ತಾಳ" ಎಂದರು.

ಅರ್ಜಿ ಹಾಕದವಳು

ಆಮೇಲೆ ಹೆಂಡತಿ ಕಟ್ಟಿಕೊಟ್ಟ ಬುತ್ತಿ ಇಲ್ಲದೆ ನಾನು ಹೊರಡುತ್ತಿರಲಿಲ್ಲ. ಅದರ ನಿಜವಾದ ಪರೀಕ್ಷೆ ನಡೆದದ್ದು ಬಸವನ ಬಾಗೇವಾಡಿ ತಾಲೂಕಿನ ಇಂಗಳೇಶ್ವರದ ಹತ್ತಿರ. ಅಣ್ಣತಮ್ಮಂದಿರಿಬ್ಬರ ಬಾಂದಿನ ತಕರಾರು. ಬಾಯಿ ಎಂದರೆ ಬಾಯಿ ಇಬ್ಬರದೂ. ನನ್ನ ತಲೆ ಸಿಡಿಯತೊಡಗಿತು, ಅಲ್ಲಿ ಭಜಿ ಇಲ್ಲದಿದ್ದರೂ ಅದರ ವಾಸನೆ ಬಂತು. ಮಧ್ಯಾಹ್ನವಾಗಿತ್ತು. ಅಳತೆಯ ಯಂತ್ರ ಪಕ್ಕಕ್ಕಿಟ್ಟು, ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದೆ.

"ಅರ್ಧಕ್ಕ ಬಿಟ್ಟು ಉಣ್ಣಾಕ ಕುಂತ್ರೆಲ್ಲರಿ!" ಎಂದ ಅಣ್ಣ.

"ಮೊದಲ ಊಟ. ಆಮ್ಯಾಲ ಹೊಲ."

"ಹಂಗಾರ ನಮ್ಮನ್ಯಾಗಿಂದ ಮೊಸರು ತರಸ್ತೇನಿ."

"ನಮ್ಮದು ಎಮ್ಮಿ ಮೊಸರ್ರಿ, ಗಟ್ಟಿ ಐತಿ" ಎಂದ ತಮ್ಮ.

"ಇಬ್ರದೂ ಬ್ಯಾಡ. ನಾ ಅರ್ಜಿದಾರರದು ತಿನ್ನೂದಿಲ್ಲ."

ನನ್ನ ಬುತ್ತಿ ಮುಗಿಯುವಷ್ಟರಲ್ಲಿ ಅವರ ಮುದಿ ತಾಯಿ ಅರಿವೆಯಲ್ಲಿ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದು, ನನ್ನ ಎದುರಿಗೇ ಕೂತಳು. "ಅರ್ಜಿ ಹಾಕಿದವು ಈ ಎರಡು ಮಂಗ್ಯಾನಂಥವು. ನಾ ಹಾಕೇನೇನು? ನನ್ನ ಕೈಯಾಂದು ತಿನ್ನಬಾರದಂತ ಯಾವ ಕಾಯ್ದಾದಾಗ ಐತಿ, ಹೇಳ್ರಿ."

ನನಗೆ ಗೊತ್ತಿದ್ದ ಕಾಯ್ದೆಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿದೆ. ಎಲ್ಲಿಯೂ ಇರಲಿಲ್ಲ. ಎಲ್ಲರ ಎದುರು ಒಂದು ಹೋಳಿಗೆಯನ್ನು ನಿಧಾನವಾಗಿ, ರುಚಿ ನೋಡುತ್ತ ತಿಂದೆ. ಮುದುಕಿ ಇನ್ನೊಂದನ್ನು ಚಾಚಿದಳು.

"ಸಾಕ್ ಬೇ ಯವ್ವಾ. ಹೊಟ್ಟಿ ತುಂಬೇತಿ."

ಆ ಮಾತು ನನ್ನ ಬಾಯಿಂದಲೇ ಬಂತು, ಅದೂ ಸುಳ್ಳಲ್ಲ! ಹೊಟ್ಟೆ ತುಂಬಿತ್ತು, ಮನಸ್ಸಿನಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಆದರೆ ಒಂದು ಗೇಣು ನೆಲಕ್ಕೂ ಒಪ್ಪದ ಅಣ್ಣತಮ್ಮಂದಿರು ಆಗ ಒಂದಾದರು. "ತಿನ್ರಿ ಸಾಹೇಬ್ರ!" "ಒಂದರಾಗೇನ ಆಗ್ತೈತ್ರಿ!" ನಾನು ಜಗ್ಗಲಿಲ್ಲ.

"ಹಂಗಾರ ಅದನ್ನ ಇಲ್ಲಿ ತಾ ಬೇ" ಎಂದು ಅಣ್ಣ ಕೈ ಚಾಚಿದ.

"ನಿನಗ್ಯಾಕ? ಅದು ನನಗ ಬರ್ತೈತಿ" ಎಂದ ತಮ್ಮ.

"ಅರ್ಧಾ ಮಾಡೂಣು."

"ನೀ ಮುರದ್ರ ದೊಡ್ಡದು ನಿನಗ ಬರ್ತೈತಿ. ಸಾಹೇಬ್ರ ಅಳದು ಕೊಡ್ಲಿ!"

ಇಬ್ಬರೂ ನನ್ನ ಯಂತ್ರದ ಕಡೆ ನೋಡಿದರು. ಮುದುಕಿ ಹೋಳಿಗೆಯನ್ನು ಮಡಚಿ, ಇಡಿಯಾಗಿ ತನ್ನ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಜಗಿದು ನುಂಗಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು:

"ಮೋಜಣಿ ಮುಗೀತು. ಏಳ್ರಿ ಇನ್ನ."