ಶನಿವಾರ ಬಂದ ರೊಟ್ಟಿ ಹಂಚು

ಮನೆಯೊಳಗೆ ದುಃಖ ಕಾಲು ಚಾಚಿ ಕೂತಿದ್ದರೂ ಬಾಗಿಲಿಗೆ ನಗು ಬರುವುದು ತಪ್ಪುವುದಿಲ್ಲ. ನಮ್ಮ ಮನೆಗೆ ಅದು ಪಾರ್ಸೆಲ್ ಹೊತ್ತುಕೊಂಡೇ ಬರುತ್ತಿತ್ತು.

ನಾನು ರಾಯದುರ್ಗದಲ್ಲಿ ಪ್ಯಾಂಟು ಹೊಲಿಯುವ ಕಡೆ ಕಟಿಂಗ್ ಮಾಸ್ಟರು. ಆಂಜನೇಯಸ್ವಾಮಿಗೆ ಕೈಮುಗಿಯದೆ ಕತ್ತರಿ ಹಿಡಿದವನಲ್ಲ. ನನ್ನ ಹೆಂಡತಿಯ ಹೃದಯ ಸೋತಿದೆ, ಹೆಚ್ಚು ದಿನ ಉಳಿಯುವುದಿಲ್ಲ ಎಂದು ಬಳ್ಳಾರಿಯ ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು ಹೇಳಿದರು. ಆಕೆಗೆ ಹೇಳಲು ಬಾಯಿ ಬರಲಿಲ್ಲ. ಸಂತೆಗೆ ಹೋಗಲಾರದ ಅವಳು ಮಂಚದ ಮೇಲೆ ಕೂತು ಫೋನಿನಲ್ಲೇ ಮನೆ ಸಾಮಾನು ತರಿಸತೊಡಗಿದಳು.

ಬಾಣಲೆ

ಮೊದಲು ಬಂದದ್ದು ಬಾಣಲೆ. ಬಿಚ್ಚಿದರೆ ನನ್ನ ಅಂಗೈ ಮೇಲೆ ಕೂತಿತು.

“ಇದರಾಗ ಒಂದು ಬಜ್ಜಿ ಬಿಟ್ರ ಎರಡನೇದು ಹೊರಗ ಕಾಯಬೇಕು. ಅಳತಿ ಬರದಿರ್ತಾರ, ನೋಡಬಾರದೇನು?” ಎಂದೆ.

“ನೀವು ಟೇಪು ಹಿಡಕೊಂಡ ಹುಟ್ಟಿದೋರು, ನಿಮಗ ಅಳತಿ ಕಾಣ್ತೈತಿ. ನನಗ ಚಿತ್ರದಾಗಿನ ಬಜ್ಜಿ ಕಂಡ್ವು, ತಗೊಂಡೆ.”

ವಾಪಸ್

ಅದನ್ನು ಹಿಂದಕ್ಕೆ ಒಯ್ಯಲು ಪಾರ್ಸೆಲ್ಲಿನವನೇ ಬಂದ. ಗುಮ್ಮಘಟ್ಟದ ಕಡೆಯವನು, ನಡುವಯಸ್ಸು, ದಪ್ಪ ಮೀಸೆ. ಬಾಣಲೆ ತಿರುಗಿಸಿ ನೋಡಿದ. ತಳವೆಲ್ಲ ಮಸಿ, ಒಳಗೆ ಸಾಸಿವೆ.

“ಅಮ್ಮಾ, ಇದರಾಗ ಒಗ್ಗರಣಿ ಹಾಕೀರಲ್ರಿ!”

“ಹಾಕದ ಹೆಂಗ ಗೊತ್ತಾಗಬೇಕಪ್ಪಾ? ಸಂತ್ಯಾಗ ಗಡಿಗಿ ತಟ್ಟಿ ನೋಡದ ತರ್ತೀವೇನು?”

“ಒಗ್ಗರಣಿ ಹಾಕಿದ್ದು ವಾಪಸ್ ಹೋಗಂಗಿಲ್ಲಮ್ಮಾ.”

“ಹಂಗಾದ್ರ ಆ ಒಗ್ಗರಣಿ ಚಿತ್ರಾನ್ನ ನೀನ ತಿಂದು ಹೋಗು.”

ಕೂತು ತಿಂದ. ಎರಡನೇ ಸಲವೂ ಹಾಕಿಸಿಕೊಂಡ. ಆಮೇಲೆ ಕೈತೊಳೆದು, ಆಕೆಯ ಎದುರಿಗೇ ಫೋನಿನಲ್ಲಿ ‘ಗಿರಾಕಿ ಮನೆಯಲ್ಲಿಲ್ಲ’ ಎಂದು ಒತ್ತಿ ಹೋದ.

ಈಳಿಗೆ

ಮುಂದಿನದು ಕಬ್ಬಿಣದ ಈಳಿಗೆ. ಅದೇ ಪಾರ್ಸೆಲ್ಲಿನವನು ತಂದದ್ದು ಶನಿವಾರ. ಆ ದಿನ ನಮ್ಮಲ್ಲಿ ಕಬ್ಬಿಣ ಮನೆಗೆ ತರುವುದಿಲ್ಲ. ಶನಿದೇವರು ಅದರ ಬೆನ್ನಿಗೇ ಬರುತ್ತಾನೆ ಎಂಬ ಭಯ.

“ಅಲ್ಲೇ ನಿಲ್ಲು! ಹೊಸ್ತಿಲ ದಾಟಿದ್ರ ನೋಡು!” ಮಂಚದಿಂದಲೇ ಕೂಗಿದಳು. ಅಷ್ಟು ದಮ್ಮು ಎಲ್ಲಿತ್ತೋ.

“ಗುರುವಾರನ ಆರ್ಡರ್ ಮಾಡೀರಲ್ಲಮ್ಮಾ. ಗುರುವಾರದ ಲೆಕ್ಕ ಅದು.”

“ಶನಿದೇವ್ರು ನಿನ್ನ ಆರ್ಡರ್ ನೋಡ್ತಾನೋ, ನನ್ನ ಹೊಸ್ತಿಲ ನೋಡ್ತಾನೋ?”

ಅವನು ನನ್ನ ಮುಖ ನೋಡಿದ. ದೇವರ ವಿಷಯದಲ್ಲೂ ಹೆಂಡತಿಯ ವಿಷಯದಲ್ಲೂ ನಾನು ವಾದಿಸುವವನಲ್ಲ. ಈಳಿಗೆಯನ್ನು ಬಾಗಿಲ ಮುಂದಿನ ಬೇವಿನ ಮರಕ್ಕೆ ಕಟ್ಟಿಸಿದೆ. ಭಾನುವಾರ ಬೆಳಿಗ್ಗೆ ನೋಡಿದರೆ ಯಾರೋ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು ಹೋಗಿದ್ದರು. ಕ್ಷಮಿಸು ತಾಯಿ ಎಂದು ಕೇಳಿಕೊಂಡೇ ಅದರಲ್ಲಿ ಬದನೆಕಾಯಿ ಹೆಚ್ಚಿದೆವು.

ರೊಟ್ಟಿ

ನನಗೆ ರೊಟ್ಟಿ ಬಡಿಯುವುದನ್ನು ಕಲಿಸಲು ಹಟ ಹಿಡಿದಳು.

“ನನಗ ಯಾಕ ಈಗ ಇದೆಲ್ಲ?” ಎಂದೆ.

“ಸುಮ್ಮನ ಕಲೀರಿ.”

ನನ್ನ ಮೊದಲ ರೊಟ್ಟಿಯನ್ನು ಎತ್ತಿ ಹಿಡಿದು ನೋಡಿದಳು. “ಇದು ಪ್ಯಾಂಟಿನ ಹಿಂದಿನ ಜೇಬಾತು. ಇನ್ನೊಂದು ಬಡೀರಿ, ಜೋಡಿ ಆಗಲಿ.”

ಶ್ರಾವಣಕ್ಕೆ ಮುಂಚೆಯೇ ಸ್ವಾಮಿ ಆಕೆಯನ್ನು ಕರೆಸಿಕೊಂಡ. ಕೊಟ್ಟವನೂ ಅವನೇ, ನಾನು ಏನನ್ನೂ ಕೇಳಲಿಲ್ಲ.

ಹಂಚು

ಕಾರ್ಯಗಳೆಲ್ಲ ಮುಗಿದ ಮೇಲೆ ಆಕೆಯ ಫೋನು ಟಿಣ್ ಎಂದಿತು. ಆಕೆ ಕೇಳಿದ್ದ ಕಬ್ಬಿಣದ ರೊಟ್ಟಿ ಹಂಚು ಬರುತ್ತಿದೆಯಂತೆ. ತೆರೆದು ನೋಡಿದೆ. ದೊಡ್ಡದು, ನಡುವಿನದು, ಸಣ್ಣದು ಎಂದು ಮೂರಿದ್ದವು. ಆಕೆ ಒತ್ತಿದ್ದು ಸಣ್ಣದನ್ನು. ಅದರ ಕೆಳಗೆ ‘ಒಬ್ಬರಿಗೆ ಸಾಕು’ ಎಂದಿತ್ತು. ಈ ಸಲ ಅಳತೆ ನೋಡಿಯೇ ತಗೊಂಡಿದ್ದಳು. ನಾನು ಮುಚ್ಚಿಟ್ಟದ್ದು ಆಕೆಗೆ ಗೊತ್ತಿತ್ತು.

ಹಂಚು ಬಂದದ್ದೂ ಶನಿವಾರವೇ. ಮಂಕು ಹಿಡಿದು ಕೂತಿದ್ದವನು ಎದ್ದು ಕೈ ಚಾಚಿದೆ. ಪಾರ್ಸೆಲ್ಲಿನವನು ಹಿಂದಕ್ಕೆ ಸರಿದ.

“ಏ, ಮುಟ್ಟಬ್ಯಾಡ್ರಿ ಯಜಮಾನ್ರ! ಶನಿವಾರ!”

ತಾನೇ ಬೇವಿನ ಮರಕ್ಕೆ ಬಿಗಿದು ಕಟ್ಟಿ, ಬಾಗಿಲ ಕಡೆ ತಿರುಗಿ ಕೂಗಿದ: “ಅಮ್ಮಾ, ಹೊಸ್ತಿಲ ದಾಟಿಸಿಲ್ರಿ! ಬೈಬ್ಯಾಡ್ರಿ!”

“ಬೈಯಂಗಿಲ್ಲ ಬಿಡಪ್ಪಾ,” ಎಂದೆ.

ಅವನು ಹತ್ತಿರ ಬಂದು, ಒಳಗೆ ಕೇಳಿಸೀತೆಂದು ಮೆಲ್ಲಗೆ ಹೇಳಿದ: “ನಿಮಗ ಗೊತ್ತಿಲ್ರಿ ಯಜಮಾನ್ರ, ಆ ಅಮ್ಮ ಬೈತಾರ.”

ಹಂಚನ್ನು ಭಾನುವಾರದವರೆಗೂ ಮರದಲ್ಲೇ ಬಿಟ್ಟೆ.